ಅವ್ವನ ಸೊಂಟ, ನನ್ನ ಕೆಂಪು ಕಾರು

ಮಧುಗಿರಿಯ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವ, ತಲೆ ಅರ್ಧ ನರೆತ ಹೆಂಗಸು ಎಂಥ ಕಾರು ಕೊಳ್ಳಬೇಕೆಂಬುದನ್ನು ಊರು ಮೊದಲೇ ತೀರ್ಮಾನಿಸಿಟ್ಟಿರುತ್ತದೆ. ಬಿಳಿ ಬಣ್ಣದ್ದು, ಎತ್ತರದ್ದು, ಮೈಲೇಜ್ ಕೊಡುವಂಥದ್ದು, ಮದುವೆ ಮುಂಜಿಗೆ ನೆಂಟರನ್ನು ತುಂಬಿಕೊಂಡು ಹೋಗಲು ಒದಗುವಂಥದ್ದು. ನಾನು ಕೊಂಡದ್ದು ಕೆಂಪು ಬಣ್ಣದ, ತಗ್ಗಾದ, ಹಿಂದೆ ಎರಡು ಸೈಲೆನ್ಸರ್ ಕೊಳವೆಗಳಿರುವ, ಸ್ಟಾರ್ಟ್ ಮಾಡಿದೊಡನೆ ಗುರ್ರೆನ್ನುವ ಕೊರಿಯಾದ ಪುಟ್ಟ ಕಾರು. ಅದು ನನ್ನ ಮನೆಯ ಮುಂದೆ ಬಂದು ನಿಂತ ದಿನದಿಂದ ಹೊರಟುಹೋದ ದಿನದವರೆಗೆ ಜನ ಆಡಿದ ಮಾತುಗಳನ್ನು ನೆನೆದರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

"ಇದು ಕಾಲೇಜ್ ಹುಡುಗ್ರು ಓಡ್ಸೋ ಗಾಡಿ ಅಲ್ವಾ ಮೇಡಂ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಕೇಳುವಾಗ ಬೋಂಡಾ ತಿಂದ ಎಣ್ಣೆಗೈಯನ್ನು ಬಾನೆಟ್ ಮೇಲೆ ಊರಿಕೊಂಡಿದ್ದರು. ಇನ್ನೊಬ್ಬರು ಹಿಂದಿನ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, "ಇಲ್ಲಿ ಮೂರು ಜನ ಕೂರೋಕೆ ಆಗುತ್ತಾ?" ಎಂದು ಮೂಗು ಮುರಿದರು. ಅವರನ್ನು ಯಾರೂ ಕರೆದಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ, ತರಕಾರಿ ಅಂಗಡಿಯಲ್ಲಿ, ಕೊನೆಗೆ ಸಾವಿನ ಮನೆಯ ಅಂಗಳದಲ್ಲಿ ಕೂಡ "ಎಷ್ಟು ಕೊಡುತ್ತೆ?" ಎನ್ನುವುದೊಂದೇ ಪ್ರಶ್ನೆ. ಕೊಡುವುದಿಲ್ಲ ಕಣ್ರಪ್ಪ, ಕುಡಿಯುತ್ತದೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಈ ಜಾತಿಯ ಕಾರಿಗೆ ಹಾಟ್ ಹ್ಯಾಚ್ ಎನ್ನುತ್ತಾರೆ. ನೋಡುವುದಕ್ಕೆ ಸಂಸಾರಸ್ಥರ ಕಾರು, ಒಳಗೆ ಪುಂಡ ಎಂಜಿನ್. ಯುರೋಪಿನವರು ಮಾಡಿದ್ದು ಬೇಕೆಂದರೆ ಮನೆ ಮಾರಬೇಕು. ಕೊರಿಯಾದವರು ಮಾತ್ರ ಉಪನ್ಯಾಸಕಿಯ ಸಂಬಳಕ್ಕೂ ಎಟುಕುವಂತೆ ಮಾಡಿದ್ದಾರೆ. ಹೇಗೆ ಎಟುಕಿಸಿದ್ದಾರೆಂಬುದು ಕೊಂಡ ಮೇಲೆ ಗೊತ್ತಾಗುತ್ತದೆ. ಕೈ ತಾಗುವ ಕಡೆಯೆಲ್ಲ ಕೆಂಪು ದಾರದ ಹೊಲಿಗೆ, ಕೈ ತಾಗದ ಕಡೆಯೆಲ್ಲ ಟೊಳ್ಳು ಪ್ಲಾಸ್ಟಿಕ್. ಬಾಗಿಲಿನ ಒಳಗಡೆ ಬೆರಳಿನಿಂದ ತಟ್ಟಿದರೆ ಅಗ್ಗದ ಟಿಫಿನ್ ಡಬ್ಬಿಯ ಸದ್ದು. ಹಿಂದಿನ ಸೀಟಿನಲ್ಲಿ ಕೂತವರಿಗೆ ಕಿಟಕಿಯಲ್ಲಿ ಕಾಣುವುದು ಆಕಾಶದ ಒಂದು ಚೂರು. ಟೈರುಗಳು ತೆಳ್ಳಗೆ, ಸಸ್ಪೆನ್ಷನ್ ಕಲ್ಲು. ರಸ್ತೆಯಲ್ಲಿ ಒಂದು ಹುಣಸೆಬೀಜ ಬಿದ್ದಿದ್ದರೂ ಅದು ಬಿದ್ದಿದೆಯೆಂದು ಬೆನ್ನುಮೂಳೆಗೆ ವರದಿ ಬರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಕೊಂಡೆ? ಮಧುಗಿರಿ ಬಿಟ್ಟು ಮಿಡಿಗೇಶಿ ದಾಟಿ ಪಾವಗಡದ ಕಡೆ ಹೊರಟರೆ ರಸ್ತೆ ಬಂಡೆಗುಡ್ಡಗಳ ನಡುವೆ ಬಾಗಿ, ಆಮೇಲೆ ಒಂದೇ ನೇರ ಹೋಗುತ್ತದೆ. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಈ ಕಾರು ಒಂದು ಕ್ಷಣ ಸುಮ್ಮನಿರುತ್ತಿತ್ತು, ಕೇಳಿಸಿಕೊಳ್ಳಲಿಲ್ಲವೇನೋ ಎನ್ನುವ ಹಾಗೆ. ಆಮೇಲೆ ಟರ್ಬೊ ಎಚ್ಚೆತ್ತು ಬೆನ್ನಿಗೆ ಗುದ್ದುತ್ತಿತ್ತು. ಆ ಗುದ್ದಿಗಾಗಿ ಕೊಂಡೆ. ಸ್ಟಾಫ್ ರೂಮಿನ ಬೋಂಡಾ, ಪ್ರಿನ್ಸಿಪಾಲರ ಸಭೆ, ನನ್ನ ಮದುವೆಯಾಗದಿರುವಿಕೆಯ ಬಗ್ಗೆ ಎಲ್ಲರಿಗೂ ಇರುವ ಕಾಳಜಿ, ಎಲ್ಲವೂ ಆ ಗುದ್ದಿಗೆ ಹಿಂದೆ ಬೀಳುತ್ತಿದ್ದವು. ಸ್ಟೀರಿಂಗ್ ಎಲ್ಲಿ ತಿರುಗಿಸಿದರೆ ಅಲ್ಲಿಗೆ ಮರುಮಾತಿಲ್ಲದೆ ಹೋಗುವ ವಸ್ತು ನನ್ನ ಬದುಕಿನಲ್ಲಿ ಅದೊಂದೇ ಇತ್ತು.

ಆ ಗುದ್ದಿನ ರುಚಿ ನನಗಿಂತ ಹೆಚ್ಚು ಹತ್ತಿದ್ದು ಅವ್ವನಿಗೆ.

ನಮ್ಮದು ಕುರಿ ಕಾಯುವ ಮನೆ. ಬುಕ್ಕಾಪಟ್ಟಣದ ಹತ್ತಿರದ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಮಂದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ, ಅವ್ವ ಮಧುಗಿರಿಯಲ್ಲಿ ನನ್ನ ಜೊತೆ ಇದ್ದಾಳೆ. ಅವಳು ಬಂದದ್ದು ನನ್ನನ್ನು ನೋಡಿಕೊಳ್ಳುವುದಕ್ಕೆಂದು ಅವಳ ಅಂಬೋಣ, ಅವಳನ್ನು ನೋಡಿಕೊಳ್ಳುವುದಕ್ಕೆಂದು ನನ್ನದು. ಕಾರು ಬಂದ ದಿನ ಅವಳು ಅದರ ಸುತ್ತ ಒಂದು ಸುತ್ತು ಬಂದು, ಕೊಳ್ಳುವ ಟಗರನ್ನು ನೋಡುವಂತೆ ಟೈರಿನ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಮುಂದಿನ ಸೀಟಿನಲ್ಲಿ ಕೂತಳು.

"ಥೂ, ಇದೇನೇ ಇದು, ಹಳ್ಳಕ್ಕೆ ಇಳಿದಂಗೈತೆ" ಎಂದಳು.

ಗೊರವನಹಳ್ಳಿಗೆ ಪೂಜೆಗೆಂದು ಹೊರಟೆವು. ಅಲ್ಲಿ ಆದ ಅವಾಂತರ ಇರಲಿ. ಹೊಸ ಬಣ್ಣದ ಮೇಲೆ ಅರಿಶಿನ, ಕುಂಕುಮ, ಎಣ್ಣೆ ಮೆತ್ತಿ, ಕರ್ಪೂರವನ್ನು ಬಂಪರಿನ ಮೂಗಿಗೇ ಹಿಡಿದು, ಒಡೆದ ಕಾಯಿಯ ನೀರನ್ನು ಗಾಜಿಗೆ ಎರಚಿದರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ವಾಪಸ್ಸು ಬರುವಾಗ ಕೊರಟಗೆರೆ ದಾಟಿ ರಸ್ತೆ ಖಾಲಿ ಸಿಕ್ಕಿತು. ಮುಂದೆ ಒಂದು ಕೆಂಪು ಬಸ್ಸು ಹೊಗೆ ಬಿಡುತ್ತ ಹೋಗುತ್ತಿತ್ತು. ಸಿಟ್ಟಿನಲ್ಲಿ ಕಾಲು ಒತ್ತಿದೆ. ಬಸ್ಸು ಹಿಂದಕ್ಕೆ ಹೋಯಿತು. ಹೆದರಿಬಿಟ್ಟಳೇನೋ ಎಂದು ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಪ್ಪ ಸತ್ತ ಮೇಲೆ ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ.

"ಇನ್ನೊಂದೀಟು ಒತ್ತೇ" ಎಂದಳು.

ಆಮೇಲೆ ಪ್ರತಿ ಭಾನುವಾರವೂ ನಮಗೆ ಒಂದಲ್ಲ ಒಂದು ಕಡೆ ಕೆಲಸ ಹುಟ್ಟಿಕೊಳ್ಳತೊಡಗಿತು. ಸಿದ್ದರಬೆಟ್ಟಕ್ಕೆ ಹರಕೆ ಇದೆಯಂತೆ. ಬೆಟ್ಟ ಹತ್ತದೆ ಬುಡದಲ್ಲೇ ಕೈಮುಗಿದು "ನಡಿ" ಎನ್ನುತ್ತಿದ್ದಳು. ಪಾವಗಡದಲ್ಲಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ಕೊಡಬೇಕಂತೆ. ಯಾರ ಶನಿ ಎಂದರೆ ಉತ್ತರವಿಲ್ಲ. ಒಮ್ಮೆ ಸಿರಾದ ಕುರಿಸಂತೆಯಲ್ಲಿ ಒಂದು ಮರಿಯನ್ನು ಕೊಂಡು, ನಾನು ಟೀ ಕುಡಿದು ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕೂರಿಸಿದ್ದಳು. ತಮ್ಮನ ಮನೆ ಮುಟ್ಟುವುದರೊಳಗೆ ಅದು ಮಾಡಬಾರದ್ದನ್ನೆಲ್ಲ ಅಲ್ಲಿ ಮಾಡಿತು. ಬಟ್ಟೆಯ ಸೀಟು, ಕೆಂಪು ಹೊಲಿಗೆ. ನಾನು ಶಾಂಪೂ ಹಾಕಿ ತಿಕ್ಕಿದೆ, ಬೇವಿನಸೊಪ್ಪು ಇಟ್ಟೆ, ಬಿಸಿಲಿಗೆ ಬಾಗಿಲು ತೆರೆದಿಟ್ಟೆ. ಮಳೆ ಬಂದ ದಿನ ಕಾರು ಕುರಿಹಟ್ಟಿಯಂತೆ ನಾರುತ್ತಿತ್ತು. ಅವ್ವ ಮಾತ್ರ ಒಳಗೆ ಕೂತು ಉಸಿರೆಳೆದು, "ಈಗ ಇದು ನಮ್ ಗಾಡಿ ಆಯ್ತು ನೋಡು" ಎಂದಳು. ನನಗೆ ಮೈಯೆಲ್ಲ ಮುಳ್ಳೆದ್ದಿತು.

ರಸ್ತೆಯ ಬಗ್ಗೆ ಏನು ಹೇಳಲಿ? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಂಪ್ ಹಾಕುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಯಾರದೋ ಕೋಳಿ ಸತ್ತರೆ ಸಾಕು, ಸಂಜೆಯೊಳಗೆ ಅಲ್ಲೊಂದು ಹಂಪ್ ಎದ್ದಿರುತ್ತದೆ. ಸೈಜುಗಲ್ಲು ಅಡ್ಡ ಇಟ್ಟು ಮೇಲೆ ಸಿಮೆಂಟು ಸುರಿದರೆ ಮುಗಿಯಿತು. ಬಿಳಿ ಪಟ್ಟೆ ಇಲ್ಲ, ಸೂಚನೆ ಇಲ್ಲ. ನನ್ನ ಕಾರಿನ ಹೊಟ್ಟೆ ಅವುಗಳಲ್ಲಿ ಒಂದನ್ನೂ ಬಿಡದೆ ನೆಕ್ಕಿತು. ಎಷ್ಟು ನಿಧಾನ ಹೋದರೂ ಕೆಳಗಿನಿಂದ ಕರ್ರ್ ಎಂಬ ಸದ್ದು ಬಂದು ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಒಮ್ಮೆ ಸಿರಾ ರಸ್ತೆಯಲ್ಲಿ ಮರದ ನೆರಳಿನೊಳಗೆ ಅಡಗಿದ್ದ ಒಂದು ಹಂಪನ್ನು ಕಾಣದೆ ವೇಗದಲ್ಲೇ ಹಾರಿಸಿದೆ. ಇಬ್ಬರೂ ಸೀಟಿನಿಂದ ಎದ್ದು ಬಿದ್ದೆವು. ನಾನು ಹಂಪ್ ಹಾಕಿದವನ ವಂಶವನ್ನೆಲ್ಲ ಬಯ್ದೆ. ಅವ್ವ ಏನೂ ಮಾತಾಡಲಿಲ್ಲ. ಮನೆಗೆ ಬಂದವಳು ಅಪ್ಪನ ಹಳೇ ಪಂಚೆಯೊಂದನ್ನು ಟ್ರಂಕಿನಿಂದ ತೆಗೆದು ಉದ್ದಕ್ಕೆ ಸೀಳುತ್ತಿದ್ದಳು. ಒರೆಸುಬಟ್ಟೆಗೆಂದುಕೊಂಡೆ.

ಹುರುಳಿ ಕೀಳುವ ಕಾಲ ಬಂತು. ಎತ್ತುಗಳೂ ಕಣವೂ ಹೋದ ಮೇಲೆ ನಮ್ಮ ಕಡೆಯ ಒಕ್ಕಣೆ ಎಲ್ಲಿ ನಡೆಯುತ್ತದೆಂದು ಈ ರಸ್ತೆಗಳಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಟಾರು ರಸ್ತೆಯ ಮೇಲೆ ಹುರುಳಿ ಗಿಡವನ್ನು ಮೊಣಕಾಲೆತ್ತರ ಹರಡಿ, ಎರಡೂ ಪಕ್ಕ ಕಲ್ಲು ಜೋಡಿಸುತ್ತಾರೆ, ಯಾವ ಗಾಡಿಯೂ ತಪ್ಪಿಸಿಕೊಳ್ಳದಿರಲಿ ಎಂದು. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಮೇಲೆ ಹಾದು ಕಾಳು ಬಿಡಿಸಿಕೊಡಬೇಕು. ಹಾಗೆ ಹಾದು ಹೋಗುವುದು ದಾರಿಹೋಕರು ರೈತರಿಗೆ ಮಾಡುವ ಒಂದು ಉಪಕಾರ. ಒಲ್ಲೆ ಎಂದು ನಿಲ್ಲಿಸಿದರೆ ಸೊಕ್ಕಿನವರು ಎನ್ನುತ್ತಾರೆ. ನಾನು ಒಲ್ಲೆ ಎನ್ನುವವಳು. ಆ ಕಾಲದಲ್ಲಿ ಇಂಥ ರಸ್ತೆ ಸಿಕ್ಕರೆ ಇಳಿದು, ಒಂದು ಗಾಲಿಯಷ್ಟಾದರೂ ಜಾಗ ಬಿಡಿಸಿಕೊಂಡು, ಬಯ್ಸಿಕೊಂಡು ಮುಂದೆ ಹೋಗುತ್ತಿದ್ದೆ. ತಗ್ಗು ಕಾರಿನ ಹೊಟ್ಟೆಗೂ ಒಣ ಹುರುಳಿ ಬಳ್ಳಿಗೂ ಸರಿಬರುವುದಿಲ್ಲವೆಂಬುದು ತಿಳಿಯದ್ದೇನಲ್ಲ.

ಆ ಭಾನುವಾರ ಮಧ್ಯಾಹ್ನ ಬುಕ್ಕಾಪಟ್ಟಣದ ರಸ್ತೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ತಮ್ಮನ ಮನೆಗೆ ಹೊರಟಿದ್ದೆವು. ಸಿರಾದಿಂದ ಅಲ್ಲಿಯವರೆಗೆ ಅವ್ವನ ಅಪ್ಪಣೆಯಂತೆ ಜೋರಾಗಿಯೇ ಬಂದದ್ದರಿಂದ ಎಂಜಿನ್ ಕಾದಿತ್ತು. ಒಂದು ಹಳ್ಳಿಯ ಮುಂದೆ ರಸ್ತೆ ತುಂಬ ಹುರುಳಿ. ನಾನು ಬ್ರೇಕ್ ಒತ್ತಿ ಇಳಿಯಬೇಕೆನ್ನುವಷ್ಟರಲ್ಲಿ ಮೊರ ಹಿಡಿದ ಮುದುಕಿಯೊಬ್ಬಳು ಕಿಟಕಿಯ ಹತ್ತಿರ ಬಂದಳು. ನೋಡಿದರೆ ಅವಳು ಅವ್ವನ ತೌರಿನವಳು. ಇಬ್ಬರೂ ಕಿಟಕಿಯಲ್ಲೇ ಕೈ ಕೈ ಹಿಡಿದುಕೊಂಡರು.

"ನಿನ್ ಮಗ್ಳಾ? ಏನ್ ಕಾರೇ ತಾಯಿ! ಬೆಳಿಗ್ಗಿಂದ ಒಂದು ಬಸ್ಸು ಬಿಟ್ರೆ ನರಪಿಳ್ಳೆ ಬಂದಿಲ್ಲ. ಒಂದ್ ನಾಕು ಕಾಳು ಉದ್ರಿಸ್ಕೊಟ್ಟೋಗೇ" ಎಂದಳು ಮುದುಕಿ.

"ಅವ್ವ, ಇದಕ್ಕೆ ಆಗಲ್ಲ, ಕೆಳಗೆ ಸಿಗಾಕ್ಕೊಳುತ್ತೆ" ಎಂದೆ.

"ಏ, ಸುಮ್ಕಿರು. ಲಾರಿನಾಗೆ ಆಗೋದು ಇದ್ರಾಗೆ ಆಗಲ್ವಾ? ತೌರಿನವ್ಳು ಬಾಯ್ಬುಟ್ಟು ಕೇಳ್ತಾವ್ಳೆ. ಓಡ್ಸು" ಎಂದಳು ಅವ್ವ. ತನ್ನ ಕಾರಿನ ಪ್ರತಾಪವನ್ನು ತೌರಿನವಳಿಗೆ ತೋರಿಸುವ ಆಸೆ ಅವಳ ಮುಖದಲ್ಲಿ ಕುಣಿಯುತ್ತಿತ್ತು. ನಾನು ಓಡಿಸಿದೆ. ದಾಟಿ ಮುಂದೆ ಹೋಗಲು ಬಿಡಲಿಲ್ಲ. "ಹಿಂದಕ್ ಬಾ, ಇನ್ನೊಂದ್ ಕಿತಾ" ಎಂದಳು. ರಿವರ್ಸ್ ಬಂದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಮಗ್ಗುಲಲ್ಲಿ ಹೆಂಗಸರು ಕವೆಗೋಲಿನಿಂದ ಗಿಡವನ್ನು ಮಗುಚಿ ಹಾಕುತ್ತ, ಅವ್ವನಿಗೆ ಶಹಬಾಸ್ ಹೇಳುತ್ತಿದ್ದರು. ಸಾಲ ಮಾಡಿ ಕೊಂಡ ಟರ್ಬೊ ಕಾರು ಒಕ್ಕಣೆಯ ರೋಣಗಲ್ಲಾಗಿತ್ತು. ಓಡಿಸುತ್ತಿದ್ದ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಮೊದಲು ಬಂದದ್ದು ವಾಸನೆ. ಬಾಣಲೆಯಲ್ಲಿ ಹುರುಳಿ ಹುರಿದಾಗ ಬರುವ ಒಳ್ಳೆಯ ವಾಸನೆಯೇ. ಯಾರ ಮನೆಯಲ್ಲೋ ಒಲೆ ಹೊತ್ತಿಸಿದ್ದಾರೆ ಎಂದುಕೊಂಡೆ. ಆಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಕಾರು ಗಕ್ಕನೆ ನಿಂತಿತು. ಬಳ್ಳಿ ಗಾಲಿಯ ಆಕ್ಸಲ್‌ಗೆ ಹುರಿ ಹೊಸೆದಂತೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಂಡಿತ್ತು.

ನಾನು ಹೊರಗೆ ನೆಗೆದೆ. "ಅವ್ವ, ಇಳಿ! ಬೆಂಕಿ!" ಎಂದು ಕೂಗಿದೆ. ಅವಳು ಇಳಿಯಲಿಲ್ಲ. ಬಾಗಿಲು ತೆರೆದಿದ್ದಾಳೆ, ಒಂದು ಕಾಲು ಹೊರಗಿಟ್ಟಿದ್ದಾಳೆ, ಆದರೆ ಏಳುತ್ತಿಲ್ಲ. ಈ ಹೊತ್ತಿನಲ್ಲೂ ಹಟವೇ ಎಂದು ನನಗೆ ಕೆಂಡದಂಥ ಕೋಪ ಬಂತು. "ಇಳಿಯೇ ಅಂದ್ರೆ!" ಎಂದು ಕಿರುಚುತ್ತ ಆ ಕಡೆಗೆ ಓಡಿದೆ.

ಅಷ್ಟರಲ್ಲಿ ಊರವರು ಓಡಿ ಬಂದರು. ಬಂದವರು ಏನು ಮಾಡಿದರು ಗೊತ್ತೆ? ಕಾರಿನ ಸುತ್ತಲಿನ ಹುರುಳಿಯನ್ನು ತಬ್ಬಿ ತಬ್ಬಿ ದೂರ ಎಳೆಯತೊಡಗಿದರು. "ಮೊದ್ಲು ಗಿಡ ಎಳ್ಕಳ್ರಲೇ, ಗಿಡ ಎಳ್ಕಳ್ರಿ!" ಎಂದು ಒಬ್ಬ ಬಾಯಿ ಬಡಿದುಕೊಳ್ಳುತ್ತಿದ್ದ. ಇನ್ನೊಬ್ಬ ದೂರದಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಮೊಬೈಲನ್ನು ಅಡ್ಡ ಹಿಡಿಯಲೋ ಉದ್ದ ಹಿಡಿಯಲೋ ಎಂಬುದು ಅವನ ಚಿಂತೆ. ಕಾರಿನೊಳಗೆ ಒಬ್ಬ ಮುದುಕಿ ಇದ್ದಾಳೆ ಎಂಬುದನ್ನು ನೆನಪಿಟ್ಟುಕೊಂಡದ್ದು ಮೊರ ಹಿಡಿದಿದ್ದ ಆ ತೌರಿನವಳೊಬ್ಬಳೇ. ಅವಳೂ ನಾನೂ ಸೇರಿ ಅವ್ವನ ಕಂಕುಳಿಗೆ ಕೈಹಾಕಿ ಎಳೆದೆವು. ಅವ್ವ ಕೂಗಿಕೊಂಡಳು. ಕುರಿಯನ್ನು ತೋಳ ಹಿಡಿದರೂ ಕೂಗದ ಹೆಂಗಸು ಅವಳು.

ರಸ್ತೆಯ ಆಚೆಗಿನ ಬೇವಿನ ಮರದ ಕೆಳಗೆ ಮಲಗಿಸಿದೆವು. ಅವಳ ಸೊಂಟಕ್ಕೆ ಕೈ ಆನಿಸಿದಾಗ ಬೆರಳಿಗೆ ಗಟ್ಟಿಯಾದ ಬಟ್ಟೆ ತಾಗಿತು. ಸೀರೆಯ ಒಳಗೆ ಅಪ್ಪನ ಪಂಚೆಯ ಸೀಳನ್ನು ಸುತ್ತಿನ ಮೇಲೆ ಸುತ್ತು ಹಾಕಿ ಬಿಗಿದು ಕಟ್ಟಿಕೊಂಡಿದ್ದಳು. ಅದರಿಂದ ನೋವಿನ ಮುಲಾಮಿನ ಘಾಟು ಬರುತ್ತಿತ್ತು. ಹಟ್ಟಿಯಲ್ಲಿ ಭಾರ ಎತ್ತುವ ಹೆಂಗಸರು ನಡುಕಟ್ಟು ಕಟ್ಟುತ್ತಾರೆ. ಕಾರಿನ ಮೆತ್ತನೆಯ ಸೀಟಿನಲ್ಲಿ ಕೂತು ಗುಡಿಗೆ ಹೋಗಿಬರುವವಳಿಗೆ ಇದೇಕೆ?

"ಯಾವಾಗಿಂದ ಅವ್ವ?" ಎಂದೆ.

"ಏನಿಲ್ಲ ಕಣೇ, ಈಟು ನಡ ಹಿಡ್ಕಂಡೈತೆ" ಎಂದಳು. ಮುಖದ ಮೇಲೆ ಬೆವರು ಹರಿಯುತ್ತಿತ್ತು.

ಯಾರೋ ಬಿಂದಿಗೆಯಲ್ಲಿ ನೀರು ತಂದು, ಯಾರೋ ಮಣ್ಣು ಎರಚಿ ಬೆಂಕಿ ಆರಿಸಿದರು. ಕಾರು ಸಾಯಲಿಲ್ಲ. ಹೊಟ್ಟೆಯ ಪ್ಲಾಸ್ಟಿಕ್ಕು ಕರಗಿ, ಒಂದಿಷ್ಟು ವೈರು ಸುಟ್ಟುಹೋಗಿತ್ತು. ಅದನ್ನು ಅಲ್ಲೇ ಬಿಟ್ಟು, ತಮ್ಮ ತಂದ ಗೂಡ್ಸ್ ಆಟೋದಲ್ಲಿ ಕಂಬಳಿ ಹಾಸಿ ಅವ್ವನನ್ನು ಸಿರಾಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಸೊಂಟದ ಹತ್ತಿರದ ಒಂದು ಮೂಳೆ ಕುಸಿದು ಕೂತಿದೆ, ಇದು ಇವತ್ತಿನದಲ್ಲ, ಹಳೆಯದು ಎಂದರು. ಆಪರೇಷನ್ ಬೇಡ, ಮಲಗಿರಲಿ, ಆಮೇಲೆ ಓಡಾಡಲಿ, ಕುಲುಕಾಟ ಮಾತ್ರ ಆಗಲೇ ಆಗದು ಎಂದರು. ಇನ್ನೊಮ್ಮೆ ಜೋರಾಗಿ ಕುಲುಕಿದರೆ ಕಾಲಿನ ಶಕ್ತಿಯೇ ಹೋಗಬಹುದು ಎಂದೂ ಹೇಳಿದರು.

ಅವತ್ತು ಆಸ್ಪತ್ರೆಯ ಮಂಚದ ಪಕ್ಕ ಕೂತು ಕೇಳಿದೆ, "ಆ ಹಂಪ್ ಹಾರಿಸಿದ ದಿನಾನಾ?" ಅವಳು ಗೋಡೆಯ ಕಡೆ ತಿರುಗಿಕೊಂಡಿದ್ದಳು. ಹೂಂ ಎಂದಳು.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಅಷ್ಟು ಭಾನುವಾರ ನೋವು ನುಂಗ್ಕೊಂಡು ಕೂತಿದ್ಯಾ?"

"ಹೇಳಿದ್ರೆ ನೀನು ಮೆತ್ತಗೆ ಓಡುಸ್ತಿದ್ದೆ."

ಗೋಡೆಗೇ ಹೇಳುವಂತೆ ಮುಂದುವರಿಸಿದಳು. "ಮದ್ವೆ ಆದಾಗಿಂದ ಕುರಿ ಹಿಂದೆ ನಡ್ದಿದೀನಿ ಕಣಮ್ಮ. ಅವು ನಿಂತ್ರೆ ನಾನೂ ನಿಲ್ಬೇಕು. ಅವು ಮೇಯ್ಕಂಡು ಮೇಯ್ಕಂಡು ಹೋದ್ರೆ ನಾನೂ ಅಂಗೇ ಹೋಗ್ಬೇಕು. ನಿಮ್ಮಪ್ಪನೂ ಮೆತ್ತಗೇ ನಡಿಯೋನು. ರಸ್ತೆ ಮೇಲೆ ಎಲ್ರೂ ಭರ್ ಅಂತ ಹೋಗೋರು, ಹಾರನ್ ಹೊಡ್ದು ಬಯ್ದು ಹೋಗೋರು. ಬೇಲಿಗೆ ಒತ್ಕಂಡು ನಿಲ್ಲೋದೇ ಆಯ್ತು ನಂಗೆ."

ಕಾರನ್ನು ಮಾರುತ್ತೇನೆ ಎಂದು ಅಲ್ಲೇ ಹೇಳಿದೆ. ಮನಸ್ಸು ಗಟ್ಟಿಮಾಡಿಯೇ ಹೇಳಿದೆ. ಕಲ್ಲಿನಂಥ ಸಸ್ಪೆನ್ಷನ್ನಿನ ಕಾರನ್ನು ಮನೆ ಮುಂದೆ ಇಟ್ಟುಕೊಂಡರೆ ಈ ಹೆಂಗಸು ಮತ್ತೆ ಪಂಚೆ ಕಟ್ಟಿಕೊಂಡು ಹತ್ತುತ್ತಾಳೆ ಎಂಬುದು ಖಂಡಿತವಿತ್ತು. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ನೋವು ನಂದು ಕಣೆ. ಅದ್ಕೆ ನೀನ್ಯಾಕೆ ಗಾಡಿ ಮಾರ್ತೀಯಾ?"

ಡಾಕ್ಟರು ಹೇಳಿದ್ದನ್ನು ಮತ್ತೊಮ್ಮೆ ಒಪ್ಪಿಸಿದೆ, ತರಗತಿಯಲ್ಲಿ ಹೇಳುವ ಹಾಗೆ. ಅವಳು ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಕಾರು ಮಾರುವ ಸುದ್ದಿ ಕೇಳಿ ಊರಿಗೆಲ್ಲ ಹಾಲು ಕುಡಿದಷ್ಟು ಸಂತೋಷವಾಯಿತು. ಬೋಂಡಾ ಸಹೋದ್ಯೋಗಿ, "ನಾನು ಅವತ್ತೇ ಹೇಳಲಿಲ್ವಾ ಮೇಡಂ?" ಎಂದರು. ಅವರು ಸೊಂಟದ ಬಗ್ಗೆ ಏನೂ ಹೇಳಿರಲಿಲ್ಲ, ಎಣ್ಣೆಗೈ ಒರೆಸಿದ್ದರಷ್ಟೆ. ನನ್ನ ತಮ್ಮ ಫೋನ್ ಮಾಡಿ, "ಈಗಾದ್ರೂ ಎಲ್ರೂ ಕೂರೋ ಅಂಥದ್ದು ತಗಾ ಅಕ್ಕ" ಎಂದ. ಎಲ್ಲರಿಗೂ ನನ್ನ ಅವ್ವನ ಸೊಂಟದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತ್ತು. ಆ ಅಕ್ಕರೆಯ ಒಳಗೆ ಕೆಂಪು ಕಾರು ತೊಲಗಿತಲ್ಲ ಎಂಬ ನೆಮ್ಮದಿ ಇಣುಕುತ್ತಿದ್ದುದು ನನಗೆ ಕಾಣುತ್ತಿತ್ತು. ಅದು ಕಂಡಷ್ಟೂ ನನಗೆ ಹೇಸಿಗೆಯಾಗುತ್ತಿತ್ತು.

ರಿಪೇರಿ ಆದ ಮೇಲೆ ಪಾವಗಡದ ಕಡೆಯ ಒಬ್ಬ ಕೊಳ್ಳಲು ಬಂದ. ಸೋಲಾರ್ ಕಂಪನಿಯ ಗುತ್ತಿಗೆ ಮಾಡುತ್ತಾನಂತೆ, ಕತ್ತಿನಲ್ಲಿ ಹಗ್ಗದಂಥ ಸರ. ಸೀಟು ನೋಡಲಿಲ್ಲ, ಪೇಪರು ನೋಡಲಿಲ್ಲ. ಎಂಜಿನ್ ಶುರು ಮಾಡಿ ನಿಂತಲ್ಲೇ ಅದರ ಗಂಟಲು ಹರಿಯುವಷ್ಟು ಒತ್ತಿದ. ಬೀದಿಯ ನಾಯಿಗಳೆಲ್ಲ ಬೊಗಳಿದವು. "ಸೌಂಡು ಅದಿರಿಂದಿ ಮೇಡಂ! ಸೈಲೆನ್ಸರ್ ಚೇಂಜ್ ಮಾಡಿ ಇನ್ನೂ ಪೆದ್ದದು ಹಾಕಿಸ್ತೀನಿ" ಎಂದು ತೆಲುಗು ಬೆರೆಸಿ ಹೇಳಿದ. ಅವನ ಕೈಗೆ ಕೀಲಿ ಕೊಟ್ಟೆ. ಅವ್ವ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಆಮೇಲೆ ಬಂದದ್ದು ಊರು ಬಯಸಿದ ಕಾರು. ಬಿಳಿ, ಎತ್ತರ, ಆಟೊಮ್ಯಾಟಿಕ್. ಒಳ್ಳೆಯ ಕಾರೇ, ತಕರಾರಿಲ್ಲ. ಹಂಪ್ ಬಂದರೆ ತೊಟ್ಟಿಲಿನಂತೆ ತೂಗಿ ಇಳಿಸುತ್ತದೆ. ಕಾಲು ಒತ್ತಿದರೆ ಯೋಚನೆ ಮಾಡುತ್ತದೆ, ಯೋಚಿಸಿ ನರಳುತ್ತದೆ, ನರಳಿದ ಮೇಲೂ ಇದ್ದಲ್ಲೇ ಇರುತ್ತದೆ. ಅವ್ವ ಎದ್ದು ಓಡಾಡುವಂತಾದ ಮೇಲೆ ಅವಳನ್ನು ಕೂರಿಸಿಕೊಂಡು ಕೊರಟಗೆರೆಯವರೆಗೆ ಹೋಗಿಬಂದೆ. ಊರು ದಾಟುವುದರೊಳಗೆ ಅವಳಿಗೆ ನಿದ್ದೆ ಹತ್ತಿತು, ಬಾಯಿ ತೆರೆದು ಗೊರಕೆ ಹೊಡೆದಳು. ಇಳಿಯುವಾಗ, "ಚೆನ್ನಾಗೈತೆ ಬುಡು" ಎಂದಳು. ಮುಂದಿನ ಭಾನುವಾರ ಕರೆದರೆ ಮೊಣಕಾಲು ನೋವು ಎಂದಳು, ಅದರ ಮುಂದಿನ ಭಾನುವಾರ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಎಂದಳು. ಹರಕೆಗಳೆಲ್ಲ ತೀರಿಹೋಗಿದ್ದವು. ದಿನವಿಡೀ ಜಗುಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಅನ್ನ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ಸೊಂಟ ಮಾತ್ರ ಚೆನ್ನಾಗಿತ್ತು. ಡಾಕ್ಟರು ಹೊಸ ಎಕ್ಸ್‌ರೇ ನೋಡಿ ನನ್ನನ್ನು ಹೊಗಳಿದರು.

ಕೆಲವು ತಿಂಗಳು ಕಳೆದ ಮೇಲೆ ಅವಳು ಮತ್ತೆ ಸ್ವಲ್ಪ ಗೆಲುವಾದಳು. ನಾನು ಕಾಲೇಜಿನಿಂದ ಬರುವಾಗ ಹಾಡಿಕೊಳ್ಳುತ್ತ ಸೊಪ್ಪು ಬಿಡಿಸುತ್ತಿರುತ್ತಿದ್ದಳು. ಹಗಲೆಲ್ಲ ಏನು ಮಾಡಿದೆ ಎಂದರೆ, ಪಕ್ಕದ ಮನೆಯವಳ ಜೊತೆ ಕೂತಿದ್ದೆ ಎನ್ನುತ್ತಿದ್ದಳು. ಮೆತ್ತನೆಯ ಬದುಕಿಗೆ ಒಗ್ಗಿಕೊಂಡಳು ಎಂದು ನನಗೆ ಸಮಾಧಾನವಾಯಿತು.

ಪರೀಕ್ಷೆಯ ಕೆಲಸಕ್ಕೆಂದು ಒಂದು ದಿನ ನನ್ನನ್ನು ಪಾವಗಡಕ್ಕೆ ಹಾಕಿದರು. ಬಿಳಿ ಕಾರಿನಲ್ಲಿ ಹೊರಟೆ. ಮಿಡಿಗೇಶಿ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಹಿಂದಿನಿಂದ ಒಂದು ಖಾಸಗಿ ಬಸ್ಸು ಹಾರನ್ ಬಾರಿಸುತ್ತ ಬಂತು. ಆ ದಾರಿಯ ಖಾಸಗಿ ಬಸ್ಸುಗಳನ್ನು ಬಲ್ಲವರು ಬಲ್ಲರು. ಸೀಟಿಗೆ ಸ್ಪಂಜಿಲ್ಲ, ಗಾಡಿಗೆ ಸ್ಪ್ರಿಂಗಿಲ್ಲ, ಡ್ರೈವರನಿಗೆ ದೇವರ ಭಯವಿಲ್ಲ. ನನ್ನ ಬಾಲಕ್ಕೆ ಅಂಟಿಕೊಂಡು ಪೋಂ ಪೋಂ ಎಂದು ಕಿವಿ ಹರಿಯುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ದಾರಿ ಬಿಡುವುದಿಲ್ಲ ಕಣೋ ಎಂದು ನಡುರಸ್ತೆಯಲ್ಲೇ ಹೋಗುತ್ತ ಕಾಲು ಒತ್ತಿದೆ. ಕಾರು ನರಳಿತು. ಬಸ್ಸು ಇನ್ನೂ ಹತ್ತಿರ ಬಂತು. ಯಾವನಿವನು ಎಂದು ಕನ್ನಡಿಯಲ್ಲಿ ನೋಡಿದೆ.

ಬಸ್ಸಿನ ಮುಂದಿನ ಗಾಜಿನ ಹಿಂದೆ, ಡ್ರೈವರನ ಎಡಕ್ಕೆ, ಎಂಜಿನ್ ಪೆಟ್ಟಿಗೆಯ ಪಕ್ಕದ ಒಂಟಿ ಸೀಟಿನಲ್ಲಿ ಅವ್ವ ಕೂತಿದ್ದಳು. ಎರಡೂ ಕೈಗಳಲ್ಲಿ ಕಬ್ಬಿಣದ ಸರಳು ಹಿಡಿದು ಮುಂದಕ್ಕೆ ಬಾಗಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅವಳ ಇಡೀ ಮೈ ಸೀಟಿನಿಂದ ಎದ್ದು ಕೂರುತ್ತಿತ್ತು. ನನ್ನನ್ನು ಅವಳು ಗುರುತಿಸಲಿಲ್ಲ. ಇಂಥ ಬಿಳಿ ಕಾರು ಈ ರಸ್ತೆಯಲ್ಲಿ ಎಷ್ಟೋ ಇವೆ. ಅವಳಿಗೆ ಕಂಡದ್ದು ದಾರಿಗೆ ಅಡ್ಡವಾದ, ಮೆತ್ತಗೆ ತೆವಳುವ ಯಾವುದೋ ಒಂದು ಗಾಡಿ. ಅದನ್ನು ಅವಳು ಮೂಗು ಸೊಟ್ಟ ಮಾಡಿಕೊಂಡು, ಹಲ್ಲು ಕಚ್ಚಿ, ನಾನು ಈ ಲೋಕವನ್ನೆಲ್ಲ ನೋಡುವ ಹಾಗೇ ನೋಡುತ್ತಿದ್ದಳು. ಅಷ್ಟು ಅಸಹ್ಯವನ್ನು ಅವಳ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಬಸ್ಸಿಗೆ ಅಡ್ಡ ನಿಲ್ಲಿಸಿ ಅವಳನ್ನು ಇಳಿಸಿಕೊಳ್ಳಬಹುದಿತ್ತು. ಕಂಡಕ್ಟರನ ಮುಂದೆ ಡಾಕ್ಟರ ಮಾತನ್ನು ಒಪ್ಪಿಸಿ, ಕೈ ಹಿಡಿದು ಕರೆತಂದು, ಮೆತ್ತನೆಯ ಸೀಟಿನಲ್ಲಿ ಕೂರಿಸಿ ನಿದ್ದೆ ಮಾಡಿಸಬಹುದಿತ್ತು. ಕಾಲು ಬ್ರೇಕಿನ ಮೇಲೆ ಹೋಗಿಯೂ ಇತ್ತು. ಇಂಡಿಕೇಟರ್ ಹಾಕಿ, ಎಡಕ್ಕೆ, ಬೇಲಿಗೆ ಒತ್ತಿಕೊಂಡು ನಿಲ್ಲಿಸಿ ಬಸ್ಸಿಗೆ ದಾರಿ ಬಿಟ್ಟೆ.